ಮಾರದೆ ಉಳಿದದ್ದು

ಮಾಲೂರಿಂದ ಮೂರು ಮೈಲಿ, ರೈಲು ಹಳಿ ದಾಟಿ
ನೀಲಗಿರಿ ತೋಪಿನ ಬೆನ್ನಿಗೆ ನಮ್ಮ ಮನೆ.
ಕಟ್ಟಿದ್ದು ಯಾರು ಅಂದರೆ
ಪಿಳ್ಳಪ್ಪ ಅನ್ನುತ್ತಾರೆ ಊರವರು.
ಪಿಳ್ಳಪ್ಪ ಕಟ್ಟಿದ್ದು ಗೋಡೆ.
ಚಾವಣಿ ಕಟ್ಟಿದ್ದು ತಪ್ಪುಗಳು.

ಆವಿಗೆ ಬಿಚ್ಚಿದ ದಿನ ಅವನು ಕುಕ್ಕರಗಾಲಲ್ಲಿ ಕೂತು
ಒಂದೊಂದೇ ಹೆಂಚು ಕಿವಿಯ ಹತ್ತಿರ ಹಿಡಿದು
ಬೆರಳ ಗೆಣ್ಣಿಂದ ತಟ್ಟುತ್ತಿದ್ದ.
ಣಣ್ ಅಂದರೆ ಗಾಡಿಗೆ,
ದಬ್ ಅಂದರೆ ಬೇಲಿ ಪಕ್ಕಕ್ಕೆ.
ಕುಪ್ಪದ ಕಡೆ ಹೆಣ್ಣು ನೋಡಲು ಹೋದಾಗಲೂ
ಮಾತು ತೋಚದೆ ಕೂತವನ ಬೆರಳು
ಅವರ ನೀರಿನ ಮಡಕೆ ತಟ್ಟಿತಂತೆ.
ಒಳಗಿಂದ ಅಕ್ಕಯಮ್ಮ ನಕ್ಕಳು.
ಅದನ್ನೇ ಒಪ್ಪಿಗೆ ಅಂದುಕೊಂಡರು.

ಅವಳ ಬಾಯಲ್ಲಿ ಹೆಂಚು ಕೊನೆವರೆಗೂ ಪೆಂಕು.
"ಊರಿಗೆಲ್ಲ ಪೆಂಕು ಹೊದಿಸ್ತೀಯ,
ನಾವು ಮಾತ್ರ ಹುಲ್ಲಡಿ" ಅಂದಳು, ಒಂದು ಸಲ.
ಎರಡನೇ ಸಲ ಅನ್ನಲಿಲ್ಲ.
ಬೇಲಿ ಪಕ್ಕದ ರಾಶಿ ತಾನೇ ಹೊತ್ತು ತಂದು
ಅಂಗಳದಲ್ಲಿ ಜೋಡಿಸತೊಡಗಿದಳು:
ಬೆಂಕಿಗೆ ಬಾಗಿದ್ದು, ಹೊಗೆ ಕುಡಿದು ಕಪ್ಪಾದದ್ದು,
ಹಸಿ ಇದ್ದಾಗ ನಾಯಿ ಹೆಜ್ಜೆ ಇಟ್ಟು ಹೋದದ್ದು.

ಆಮೇಲೆ ಬಂತು ಕಬ್ಬಿಣದ ಅಚ್ಚು.
ಕೆತ್ತಿದ ಆಚಾರಿ ಅಕ್ಷರ ನೆಟ್ಟಗೆ ಕೆತ್ತಿಬಿಟ್ಟಿದ್ದ.
ಎಂಟು ನೂರು ಹೆಂಚಿನ ಮೇಲೆ
ಅಕ್ಷರಗಳೆಲ್ಲ ನಮಗೆ ಬೆನ್ನು ಹಾಕಿ ನಿಂತವು.
ವ್ಯಾಪಾರಿ ಮುಟ್ಟಲಿಲ್ಲ.
ಅಕ್ಕಯಮ್ಮ ಎಣಿಸಿದಳು, ನಡುಮನೆಗೆ ಸಾಕು.

ಅಚ್ಚಿನಲ್ಲಿದ್ದ ಹೆಸರು
ಪಿಳ್ಳಪ್ಪ ಅಂಡ್ ಸನ್ಸ್.
ಗಂಡುಮಕ್ಕಳು ಆಗಿನ್ನೂ ಹುಟ್ಟಿರಲಿಲ್ಲ.
ಹುಟ್ಟಲೂ ಇಲ್ಲ.
ಮೂರನೆಯದೂ ಹೆಣ್ಣಾದಾಗ ಸಾಕಮ್ಮ ಎಂದು ಕರೆದರು,
ದೇವರಿಗೆ ಅರ್ಥವಾಗಲಿ ಅಂತ.
ಅವಳೇ ನನ್ನ ಅಮ್ಮ.
ಮಣ್ಣು ತುಳಿದವಳು, ಅಚ್ಚು ಒತ್ತಿದವಳು,
ಚಾಪೆ ಮೇಲೆ ಅಂಗಾತ ಮಲಗಿ
ಚಾವಣಿ ನೋಡಿ ಓದು ಕಲಿತವಳು.
ಶಾಲೆಯ ಸ್ಲೇಟಿನ ಮೇಲೂ
ಬಲದಿಂದ ಎಡಕ್ಕೆ ತನ್ನ ಅಪ್ಪನ ಹೆಸರು ಬರೆದು
ಏಟು ತಿಂದವಳು.

ಕೊಂಡು ತಂದದ್ದು ಇಡೀ ಮನೆಯಲ್ಲಿ ಒಂದೇ,
ಬಂಗಾರಪೇಟೆಯ ಗಾಜಿನ ಹೆಂಚು.
ಅದರ ಬಿಸಿಲ ತುಂಡು ಒರಳ ಹತ್ತಿರ ಬಂದರೆ
ಆವಿಗೆಯವರಿಗೆ ಮುದ್ದೆ ಹೊತ್ತು.

ಸಿಮೆಂಟಿನ ಕಾಲ ಬಂತು. ಆವಿಗೆ ಆರಿತು.
ಅದರ ಬಾಯಲ್ಲಿ ಈಗ ಕೋಳಿ ಕಾವು ಕೂರುತ್ತದೆ.
ಮಣ್ಣು ತೆಗೆದ ಗುಂಡಿ ಹಾಗೇ ಇದೆ.
ಮನೆಯನ್ನು ಬೋರಲು ಹಾಕಿದರೆ
ಸರಿಯಾಗಿ ಕೂರುತ್ತದೆ ಅಂತ ಅಮ್ಮನ ಲೆಕ್ಕ.
ಮಳೆನೀರಲ್ಲಿ ಎಮ್ಮೆ ಮುಳುಗಿ ಕೂತರೆ
"ನೋಡು, ನಮ್ಮ ನಡುಮನೇಲಿ" ಅನ್ನುತ್ತಾಳೆ.

ಹೋದ ತಿಂಗಳು ಪಂಚಾಯ್ತಿಯವನು ಬಂದಿದ್ದ.
ಕಟ್ಟಿದ ವರ್ಷ ಬೇಕು, ಕಟ್ಟಿದವರ ಹೆಸರು ಬೇಕು,
ದಾಖಲೆ ಏನಿದೆ ಅಂದ.
ಅಮ್ಮ ಕುಂಕುಮದ ಕನ್ನಡಿ ತಂದು
ಅಂಗೈ ಮೇಲಿಟ್ಟು ಮೇಲಕ್ಕೆ ಹಿಡಿದಳು.
ಅಷ್ಟಗಲದ ಗಾಜಿನೊಳಗೆ
ಅಕ್ಷರಗಳು ಒಂದೊಂದಾಗಿ ಈ ಕಡೆ ತಿರುಗಿದವು.

ಅವನು ಬಗ್ಗಿ ಓದಿದ. ಬರೆದುಕೊಂಡ.
"ಸನ್ಸ್ ಎಷ್ಟು ಜನ?"

"ಮೂರು" ಅಂದಳು ಅಮ್ಮ.
"ಕೊನೆಯವನು ನಾನು."

ವರ್ಷದ ಜಾಗ ಖಾಲಿ ಬಿಟ್ಟು ಎದ್ದ.
ಹೋಗುವಾಗ, ಯಾಕೋ,
ಸೂರಿನ ಹೆಂಚೊಂದನ್ನು ಬೆರಳಿಂದ ತಟ್ಟಿದ.

ದಬ್.