ಹದಿನಾಲ್ಕು

ನೆಬ್ರಾಸ್ಕಾದ ಇಗರ್ಜಿಯ ನೆಲಮಾಳಿಗೆಯಲ್ಲಿ
ಕಾಫಿ ಹಂಡೆಯ ಪಕ್ಕ ಕೂತು
ಡಾಕ್ಟರು ನಮ್ಮ ಮನೆತನ ಬಿಡಿಸುತ್ತಾರೆ:
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ಕಣ್ಣು ಕೆಟ್ಟವರೊಳಗೆ ಕಪ್ಪು ಶಾಯಿ.
ಅಜ್ಜಿ ಲುಡ್ಮಿಲಾ ಕಪ್ಪು.
ಬೊಹೀಮಿಯಾದಿಂದ ಅವಳು ತಂದದ್ದು
ಗಸಗಸೆ, ಒಂದು ಅಕಾರ್ಡಿಯನ್,
ಮತ್ತಿದು.

ಅಣ್ಣ ಒಟಕಾರ್ ಗದ್ದ ಯಂತ್ರಕ್ಕಿಟ್ಟ.
‘ಮೂವತ್ತೆರಡು.’
ಉರಿ ಆರಲೆಂದು ಹಾಕಿದ ಹನಿಯೇ
ಒಳಗೆ ಒತ್ತಡ ಏರಿಸಿದೆಯಂತೆ.
ಬಿಟ್ಟರೆ ಉರಿ ಮತ್ತೆ ಹೊತ್ತಿಕೊಳ್ಳುತ್ತದೆ.
ಇನ್ನು ಕೂದಲೆಳೆಯಂಥ ಕೊಳವೆ ತೂರಿಸಿ
ನೀರಿಗೆ ದಾರಿ ಮಾಡಬೇಕಂತೆ.
ನಲವತ್ತು ವರ್ಷ ಜೋಳಕ್ಕೆ ನೀರು ಕಟ್ಟಿದವನು ನಕ್ಕ:
‘ತೋಡಿರಿ. ಆದರೆ ಕಾಲುವೆ ಅಂದಮೇಲೆ
ಹೂಳು ಬರುತ್ತೆ, ಡಾಕ್ಟರೇ.’
ಅವರು ಇಲ್ಲವೆನ್ನಲಿಲ್ಲ.

ನನ್ನ ಸರದಿ. ಹದಿನಾಲ್ಕು.
ನನ್ನ ವೃತ್ತ ಈ ವರ್ಷವೂ ಬಿಳಿ.
‘ನಿನ್ನದೆಷ್ಟು, ವ್ಲಾಸ್ಟಾ?’
‘ಇಪ್ಪತ್ತಾರು’ ಅಂದೆ.
ಡಾಕ್ಟರು ತಲೆಯೆತ್ತಿ ನನ್ನನ್ನೇ ನೋಡಿ
ಪೆನ್ನಿನ ಮುಚ್ಚಳ ಹಾಕಿದರು.

‘ಹಾಗಿದ್ದರೆ ರಾತ್ರಿಯ ಹನಿ ತಪ್ಪಿಸಬೇಡ ಮತ್ತೆ!’
ಗದರಿದ ಅಣ್ಣ, ಎಷ್ಟೋ ದಿನದ ಮೇಲೆ
ದೊಡ್ಡವನ ದನಿಯಲ್ಲಿ.
ಹಂಡೆಯ ನಲ್ಲಿ ತಡವಿ ತಿರುಗಿಸಿ,
ಲೋಟದ ಅಂಚಿಗೆ ಬೆರಳಿಳಿಸಿ,
ಬಿಸಿ ತಾಕುವವರೆಗೆ
ನನಗೆ ಕಾಫಿ ತುಂಬಿಸಿದ.