ಬಲಗೆನ್ನೆ

ಸೆಡೂನಾದ ಕಡಲ ಬೀದಿಯಲ್ಲಿ, ನನ್ನ ಅಂಗಡಿಯ ಒಂದೇ ಕುರ್ಚಿಗೆ
ಆರು ವಾರಕ್ಕೊಮ್ಮೆ ಬರುತ್ತಾನೆ ಮರ್ವಿನ್ ಟ್ರೆಲೋರ್.
ಹೊರಗೆ ಮೂರು ಟ್ರೇಲರಿನ ಲಾರಿ, ಬುಸುಗುಡುತ್ತ.
ನಾನು ನೊರೆ ಹಚ್ಚುತ್ತೇನೆ, ಅವನು ಕಣ್ಣು ಮುಚ್ಚುತ್ತಾನೆ.
ಹತ್ತೊಂಬತ್ತು ವರ್ಷ, ಇಷ್ಟೇ ಮಾತುಕತೆ.

ಎಡಗೆನ್ನೆಗೆ ವಯಸ್ಸು ನಲವತ್ತೈದು.
ಬಲಗೆನ್ನೆಗೆ ಎಪ್ಪತ್ತು.
ನಡುವೆ ಮೂಗು, ಗಡಿಕಲ್ಲು.
ಎಡದಲ್ಲಿ ಕತ್ತಿ ತಾನಾಗಿ ಜಾರುತ್ತದೆ.
ಬಲದಲ್ಲಿ ಉತ್ತು ಬಿಟ್ಟ ಹೊಲ,
ಸಾಲುಸಾಲಿಗೂ ತಡವರಿಸಿ,
ಬೆರಳಿಂದ ಎಳೆದು ಹಿಡಿಯದೆ ಸಾಗದು.
ಅಪ್ಪ ಮಗ ಒಂದೇ ಟೋಪಿಯಡಿ ಕೂತ ಹಾಗೆ.

ಒಂದು ದಿನವೂ ಕೆಂಪಾದವನಲ್ಲ.
'ನಾನಿರೋದು ಗಾಜಿನೊಳಗೆ, ಎಸಿಯಲ್ಲಿ.
ಬಿಸಿಲೆಲ್ಲ ಬೀಚಿನವರಿಗೆ' ಅನ್ನುತ್ತಿದ್ದ.

ಮುಂದಿನ ಗಾಜು ಎರಡು ಪದರ, ತಕ್ಕಮಟ್ಟಿಗೆ ನಿಯತ್ತು.
ಪಕ್ಕದ್ದು ಒಂದೇ ಪದರ, ಲಂಚ ತಿನ್ನುವ ಕಾವಲುಗಾರ:
ಕೂಗುತ್ತ ಬರುವ ಕಿರಣವನ್ನು ಬಾಗಿಲಲ್ಲೇ ಹಿಡಿಯುತ್ತದೆ,
ಮೇಲುದೊಗಲನ್ನು ಉರಿಸಿ
'ಸಾಕು, ನೆರಳಿಗೆ ನಡೆ' ಎನ್ನುವುದನ್ನು.
ಬರಿಗಾಲಲ್ಲಿ ಬರುವ ಇನ್ನೊಂದಕ್ಕೆ ಸುಮ್ಮನೆ ಸರಿದು ನಿಲ್ಲುತ್ತದೆ.
ಅದು ಉರಿಸುವುದಿಲ್ಲ, ಆಳಕ್ಕಿಳಿಯುತ್ತದೆ,
ಚರ್ಮದ ಹಾಸುಹೊಕ್ಕಿನಲ್ಲಿ ಕೂತು
ನೂಲು ಬಿಚ್ಚುತ್ತದೆ, ಒಂದೊಂದೇ, ಪುರುಸೊತ್ತಿನಲ್ಲಿ.
ಗಾಜು ಪೂರ್ತಿ ಕಸಿದದ್ದು ಎಚ್ಚರಿಕೆಯನ್ನು ಮಾತ್ರ.

ನಮ್ಮ ಕಡೆ ಸೂರ್ಯನದು ಬಡಗಣ ದಾರಿ.
ಪರ್ತ್‌ಗೆ ಹೊರಟರೆ ಹೊತ್ತೇರಿದಾಗಿನಿಂದ ಬಲಕಿಟಕಿಯಲ್ಲೇ,
ಸ್ಟೇರಿಂಗ್ ಹಿಡಿದವನ ಭುಜಕ್ಕೆ ಭುಜ ತಾಗಿಸಿ,
ಮರವಿಲ್ಲದ ಬಯಲಿನ ಎರಡು ಸಾವಿರ ಕಿಲೋಮೀಟರು.
ಮರಳುವಾಗ ಎಡಕ್ಕೆ ದಾಟುತ್ತಾನೆ. ಅಲ್ಲಿ ಖಾಲಿ ಸೀಟು,
ಒಮ್ಮೆ ಕೆಂಪಾಗಿದ್ದ ಕಂಬಳಿ,
ಮೇಲೆ ಮಲಗಿದ ನಾಯಿ.

ಫೆಬ್ರವರಿಯಲ್ಲಿ, ಬಲಗಿವಿಯ ಕೆಳಗೆ, ಒಂದು ಚುಕ್ಕೆ.
ಕಾಳುಮೆಣಸಿಗಿಂತ ತುಸು ದೊಡ್ಡದು, ಅಂಚು ಹರಿದ ನಕ್ಷೆ,
ಒಂದು ಬದಿ ಚಹಾ, ಒಂದು ಬದಿ ಮಸಿ.
ಕಂಡೆ. ಕತ್ತಿಯನ್ನು ಸುತ್ತು ಹಾಕಿಸಿದೆ.
ಹೇಳಲಿಲ್ಲ.
ಮಗಳ ಮದುವೆಯ ಫೋಟೋ ತೋರಿಸಿದ್ದ ಅವತ್ತು.
ಕ್ಷೌರದವಳಿಗೇಕೆ ಡಾಕ್ಟರಿಕೆ, ಅಂದುಕೊಂಡೆ.

ಆರು ವಾರ. ರಾತ್ರಿ ಏನೇನೋ ಓದಿದೆ.
ಬಿಸಿಲು ತಿದ್ದಿದ ಅಕ್ಷರವನ್ನು ಜೀವಕೋಶ
ಕತ್ತರಿಸಿ ತೆಗೆದು ಹೊಸದಾಗಿ ಹೊಲಿಯುತ್ತದಂತೆ.
ಹೊಲಿಗೆ ಕೂಡದಿದ್ದರೆ ತಾನೇ ಸಾಯುತ್ತದಂತೆ.
ಸುಟ್ಟ ಬೆನ್ನಿಂದ ಸಿಪ್ಪೆ ಏಳುವುದು
ಹಾಗೆ ಸತ್ತವರ ಮೆರವಣಿಗೆ.
ಎಲ್ಲೋ ಒಂದು ಸಾಯಲು ಮರೆಯುತ್ತದೆ.
ನಾನು ಹೇಳಲು ಮರೆತೆನೆ?
ಇಲ್ಲ. ಮರೆತಿರಲಿಲ್ಲ.

ಏಪ್ರಿಲಿನಲ್ಲಿ ಅಂಚು ಒಂದು ಕೂದಲೆಳೆ ಮುಂದೆ ಬಂದಿತ್ತು.
ಅರ್ಧ ನೊರೆಯಲ್ಲೇ ಕೈಗನ್ನಡಿ ಹಿಡಿದೆ. 'ಮರ್ವ್, ಇದನ್ನು ನೋಡು.'
'ಬೋಳಿಸಿಬಿಡು ಅದನ್ನೂ' ಎಂದು ನಕ್ಕ.
ನಾನು ನಗಲಿಲ್ಲ. ಅವನೂ ನಿಲ್ಲಿಸಿದ.
ನೊರೆಗೈಯಲ್ಲೇ ಆಸ್ಪತ್ರೆಯ ನಂಬರು ಒತ್ತಿದೆ.

ತೆಳುವಾಗಿತ್ತಂತೆ, ಮಿಲಿಮೀಟರೂ ಇಳಿದಿರಲಿಲ್ಲ.
ಹದಿನಾಲ್ಕು ಹೊಲಿಗೆ. ಕಿವಿ ಸ್ವಲ್ಪ ಕೆಳಗೆಳೆದಂತಿದೆ.
ಈಗ ಡ್ಯಾಶ್‌ಬೋರ್ಡಿನಲ್ಲೊಂದು ಬಾಟಲಿ.
ಬಟಾಣಿಯಷ್ಟು ಹಚ್ಚಿ 'ಐವತ್ತರ ಕವಚ' ಎನ್ನುತ್ತಾನೆ.
ಕುರ್ಚಿಯಲ್ಲೇ ಕೂರಿಸಿ ಕಲಿಸಿದೆ:
ಮುಖಕ್ಕೂ ಕತ್ತಿಗೂ ಸೇರಿ ಅರ್ಧ ಚಮಚಕ್ಕಿಂತ ಹೆಚ್ಚು,
ತೆಳ್ಳಗೆ ಬಳಿದರೆ ಐವತ್ತು ಬರೀ ಲೇಬಲ್ಲಿನ ಮಾತು,
ಎರಡು ಗಂಟೆಗೊಮ್ಮೆ ಮತ್ತೆ.
ನಂಡ್ರೂದಲ್ಲಿ ಒಮ್ಮೆ, ನಲ್ಲಾರ್ಬರ್ ಹೋಟೆಲಿನಲ್ಲಿ ಒಮ್ಮೆ,
ಯೂಕ್ಲಾದಲ್ಲಿ ಡೀಸೆಲ್ ಹಾಕಿಸುವಾಗ ಒಮ್ಮೆ.
ನಾಯಿ ಮೊಣಕೈಯದನ್ನು ನೆಕ್ಕುತ್ತದೆ ಎಂಬುದೊಂದು ದೂರು.

ಎಡಗೆನ್ನೆಗೂ ಬಳಿದೆ.
'ಅದಕ್ಕ್ಯಾಕೆ?' ಎಂದ.
'ಅದಿನ್ನೂ ಹುಡುಗ.'

ಅವನು ಹೋದ ಮೇಲೆ ಕತ್ತಿ ಒರೆಸುತ್ತ ಕೈ ನೋಡಿಕೊಂಡೆ.
ಗಡ್ಡದ ಬುಡ ಚೆನ್ನಾಗಿ ಕಾಣಲೆಂದು
ಹತ್ತೊಂಬತ್ತು ವರ್ಷದ ಹಿಂದೆ ನಾನೇ ಎಳೆದು ಹಾಕಿದ್ದೆ
ಈ ಕುರ್ಚಿಯನ್ನು, ಬಡಗಣ ಕಿಟಕಿಗೆ.