ಎತ್ತಿಕೊಟ್ಟವನು

ಪತ್ರಿಕೆಯ ಆ ಫೋಟೋದಲ್ಲಿ ನಾನಿದ್ದೇನೆ:
ನೆಲ ಬಿಟ್ಟು ಮೂರಡಿ ಮೇಲೆ, ಬಾಯಿ ತೆರೆದು,
ಕೊಡಲಿ ಎತ್ತಿದ ಹಾಗೆ ಬಲಗೈ ಎತ್ತಿ.
ಎಡದಂಚಿನಲ್ಲಿ ಎರಡು ಕೈ, ಮಣಿಕಟ್ಟಿನವರೆಗೆ ಮಾತ್ರ,
ಹತ್ತೂ ಬೆರಳು ಬಿಚ್ಚಿ
ಈಗಷ್ಟೇ ಏನನ್ನೋ ಕಳಕೊಂಡಂತೆ.
ಅದು ಪುರ್ಸೊ ತಾಂಡೇಲ.
ಕೆಳಗಿನ ಸಣ್ಣ ಅಕ್ಷರಗಳಲ್ಲೂ ಅವನ ಹೆಸರಿಲ್ಲ.

ಅಲಿಗದ್ದೆಯ ಹೊಯ್ಗೆಯಲ್ಲಿ ವಾಲಿಬಾಲು ಕಲಿತವನು,
ಎರಡು ಗಾಳಿಮರಕ್ಕೆ ಹರಕು ಬಲೆ ಕಟ್ಟಿ.
ಅಪ್ಪ ದೋಣಿಯ ತುದಿಗೆ ನಿಂತು
ಕೈ ಬೀಸಿದ ಕಡೆಗೇ ಬಲೆ ಬೀಳುತ್ತಿತ್ತಂತೆ.
ಎಳೆಯುವವರು ಬೇರೆ,
ನೀರು ಎಲ್ಲಿ ಕಪ್ಪಗಿದೆಯೆಂದು ನೋಡುವವನು ತಾಂಡೇಲ.
ಮಗನೂ ಅದನ್ನೇ ಮಾಡಿದ, ನೀರಿಲ್ಲದೆ.

ಮೊದಲು ಬಂದರಿನ ತಂಡ. ಆಮೇಲೆ ಹುಬ್ಬಳ್ಳಿಯ ರೈಲ್ವೆ,
ದಾಂಡೇಲಿಯಲ್ಲಿ ಎರಡು ಸೀಸನ್ನು,
ವಾಸ್ಕೋದಲ್ಲೊಂದು ಬ್ಯಾಂಕು, ಅದು ಮುಳುಗಿತು.
ಮಂಗಳೂರು, ಕಣ್ಣೂರು,
ಕೊಲ್ಹಾಪುರದ ಕಡೆಯ ಸಕ್ಕರೆ ಕಾರ್ಖಾನೆ,
ಜೆರ್ಸಿಯ ದುಡ್ಡು ಕೊಡದೆ ಓಡಿಹೋದ ಚಿಟ್ ಫಂಡಿನವರು.
ಒಟ್ಟು ಹನ್ನೊಂದು ತಂಡವೆಂದು ಅವನ ಲೆಕ್ಕ,
ಹೆಂಡತಿ ಶೆವಂತಿಯ ಲೆಕ್ಕ ಹದಿಮೂರು.
ಒಗೆದವಳು ಅವಳು, ಅವಳದೇ ಸರಿಯಿರಬೇಕು.
ಎಲ್ಲಿ ಹೋದರೂ ಏಳನೇ ನಂಬರು ಕೇಳುತ್ತಿದ್ದ,
ಎಲ್ಲಿ ಹೋದರೂ ಅದನ್ನು ಯಾರೋ ತೊಟ್ಟಿರುತ್ತಿದ್ದರು.

ಹೆಚ್ಚಿನ ಕಡೆ ಅವನು ಎರಡನೆಯವ.
ಮೊದಲಿನವನ ಕಾಲು ಉಳುಕುವವರೆಗೆ
ಬೆಂಚಿನ ತುದಿಯಲ್ಲಿ, ಹೆಗಲಿಗೆ ಟವೆಲ್ಲು.
ಉಳುಕಿದ ದಿನ
ಐಸು ತರಲು ಮೊದಲು ಓಡುವವನೂ ಅವನೇ,
ಆಮೇಲೆ ಒದ್ದೆ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದ.

ಊರು ಬದಲಾದರೆ ಬಸ್ಸಿನ ಹೊತ್ತು ಮರೆತಾನು,
ಹೊಡೆಯುವವರ ಅಳತೆ ಮರೆಯಲಿಲ್ಲ:
ಥಾಮಸನಿಗೆ ನೆಟ್ಟಿನಿಂದ ಒಂದು ಗೇಣು ದೂರ,
ಬಾಳಪ್ಪನಿಗೆ ಎತ್ತರ, ತಡವಾಗಿ,
ಗಿಡ್ಡ ಇದ್ರೂಸನಿಗೆ ಕೈಗೇ ಇಟ್ಟ ಹಾಗೆ.
'ನಿನಗೆ ಹೇಗೆ ಕೊಟ್ಟರೂ ಸೈ' ಎಂದು ನನಗೆ ನಗುತ್ತಿದ್ದ.
ಸುಳ್ಳು.
ನನ್ನ ಎಡ ಮೊಣಕಾಲು ನೋಯುವ ದಿನ
ಚೆಂಡು ಒಂದಂಗುಲ ತಗ್ಗಿ ಬರುತ್ತಿತ್ತು.
ನೋವಿದೆಯೆಂದು ನಾನು ಯಾರಿಗೂ ಹೇಳಿರಲಿಲ್ಲ.

ನಮ್ಮ ಗುಟ್ಟಿನ ಕೂಗೆಲ್ಲ ಮೀನಿನ ಹೆಸರು, ಅವನೇ ಇಟ್ಟದ್ದು.
ತಾರ್ಲೆ ಎಂದರೆ ಬೆನ್ನ ಹಿಂದಕ್ಕೆ,
ಬಂಗಡೆ, ಗಿಡ್ಡಗೆ ಬಿರುಸು,
ಇಸ್ವಣ ಎಂದರೆ ಆ ತುದಿಗೆ, ಉದ್ದಕ್ಕೆ, ನನಗೆ.

ಭಟ್ಕಳದಲ್ಲೊಂದು ರಾತ್ರಿ, ಟ್ಯೂಬ್‌ಲೈಟಿನ ಕೆಳಗೆ,
ಅವನು ಆಚೆ ಕಡೆ.
ನಾವು ಕೂಗು ಬದಲಿಸಿರಲಿಲ್ಲ.
ನಮ್ಮ ಹೊಸ ಹುಡುಗ ಇನ್ನೂ ಅವನದೇ ಮೀನು ಕೂಗುತ್ತಿದ್ದ.
ಮೂರೂವರೆ ತಾಸು. ಗೆದ್ದದ್ದು ನಾವು.
ಕಪ್ಪಿನಲ್ಲಿ ಪೆಪ್ಸಿ ಹೊಯ್ದು ಕುಡಿಯುವಾಗ ನನಗೆ ಹೊಳೆದು
ಬೆನ್ನು ತಣ್ಣಗಾಯಿತು.
ಅವನಿಗೆ ಆ ತಂಡದವರು ಮರುವಾರವೇ ಲೆಕ್ಕ ಚುಕ್ತ ಮಾಡಿದರು.

ಎಷ್ಟೋ ವರ್ಷದ ಮೇಲೆ ಬೈತಖೋಲದಲ್ಲಿ,
ಅವನೀಗ ಗುಮಾಸ್ತನಾಗಿರುವ ಐಸ್ ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಕೇಳಿದೆ.
ಸೊಟ್ಟ ಬೆರಳುಗಳಲ್ಲಿ ಚಹದ ಗ್ಲಾಸು ಹಿಡಿದಿದ್ದ,
ಎರಡೂ ಕೈಯಲ್ಲಿ, ಹಣೆಯ ಮುಂದೆ,
ಈಗ ಯಾರಿಗಾದರೂ ಎತ್ತಿಕೊಡುವವನ ಹಾಗೆ.
'ಬಾಡಿಗೆ ಮನೆ ಬಿಟ್ಟ ಮೇಲೂ
ಒಂದು ಕೀಲಿ ಕಿಸೆಯಲ್ಲೇ ಉಳೀತದೆ ಮಾರಾಯ.
ಅದಕ್ಕೇಂತ ರಾತ್ರಿ ಹೋಗಿ ಬಾಗಿಲು ತೆಗೀಲಿಕ್ಕೆ ಆಗ್ತದಾ?'

ಒಂದು ಟ್ರಾಲರು ಐಸು ತುಂಬಿಸಿಕೊಂಡು ಹೋಯಿತು. ಆಮೇಲೆ:
'ಒಂದು ಸಲ ಮಾತ್ರ ತೆಗೆದೆ. ಎರಡನೇ ಸೆಟ್ಟು.
ನಿನ್ನ ಇಸ್ವಣ ಅಡ್ಡ ಹಾಕಿ ಹಿಡಿದದ್ದು
ಯಾರಂತ ಮಾಡಿದ್ದಿ?'

ಮೊನ್ನೆ ಫೋಟೋಕ್ಕೆ ಕಟ್ಟು ಹಾಕಿಸಲು ಹೋದೆ.
'ಉದ್ದವಾಯಿತು, ಆ ಅಂಚಿನ ಕೈ ಕತ್ತರಿಸಲಾ?' ಅಂದ ಅಂಗಡಿಯವ.
ಬಲಗಡೆಯಿಂದ ಕತ್ತರಿಸು ಅಂದೆ.
ಸರ್, ನಿಮ್ಮ ಕಾಲು ಹೋಗ್ತದೆ, ಅಂದ.
ಹೋಗಲಿ,
ಅದು ಆವತ್ತೂ ನೋಯುತ್ತಿತ್ತು.